ದೀಪ ಆರಿಸುವವರು, ಗೀಸರ್ ಮರೆಯುವವರು

ನಾನು ಸೀಮೆಎಣ್ಣೆ ದೀಪದಲ್ಲಿ ಓದಿದವಳು. ಖಾಲಿ ಕೋಣೆಯಲ್ಲಿ ಬಲ್ಬು ಉರಿಯುತ್ತಿದ್ದರೆ ಇವತ್ತಿಗೂ ಮೈ ಉರಿಯುತ್ತದೆ. ಎಷ್ಟೋ ವರ್ಷ ಮಕ್ಕಳ ಹಿಂದೆ ಓಡಾಡಿ ಸ್ವಿಚ್ಚು ಆರಿಸಿದ್ದೇನೆ. ಆದರೆ ಗೀಸರ್ ಹಾಕಿ ಮರೆಯುತ್ತಿದ್ದವಳೂ ನಾನೇ!

ಒಂದು ದಿನ ಮಗ ಲೆಕ್ಕ ಹೇಳಿದ. 9 ವ್ಯಾಟಿನ ಎಲ್‌ಇಡಿ ಬಲ್ಬು ಹಗಲೂ ರಾತ್ರಿ ಉರಿದರೂ ಒಂದು ಯೂನಿಟ್ ಆಗಲು ನಾಲ್ಕೂವರೆ ದಿನಕ್ಕಿಂತ ಸ್ವಲ್ಪ ಜಾಸ್ತಿ ಬೇಕಂತೆ. 2000 ವ್ಯಾಟಿನ ಗೀಸರಿಗೆ ಅರ್ಧ ಗಂಟೆ ಸಾಕು. ನೀರು ಕಾದ ಮೇಲೆ ಅದು ತಾನೇ ನಿಲ್ಲುತ್ತದೆ, ನಿಜ. ನೀರು ಆರಿದ ಹಾಗೆಲ್ಲ ಮತ್ತೆ ಕಾಯಿಸುತ್ತದಲ್ವಾ? ಬೆಳಕು ಕಣ್ಣಿಗೆ ಬೀಳುತ್ತದೆ, ಶಾಖ ಬೀಳುವುದಿಲ್ಲ. ಕೊರತೆಯಲ್ಲಿ ಬೆಳೆದ ನನ್ನಂಥವರು ಎಡವುವುದು ಇಲ್ಲೇ. ಕಾಯಿಸುವ, ತಣಿಸುವ ಯಂತ್ರಗಳನ್ನು ಮೊದಲು ನೋಡಿ, ದೀಪ ಆಮೇಲೆ.

ಮರೆವಿನವರನ್ನು ಬೈದು ಪ್ರಯೋಜನವಿಲ್ಲ. ನನಗೆ ಬೈದಾಗ ನಾನೇನು ಸುಧಾರಿಸಿದೆನಾ? ಗೀಸರಿಗೆ ಹೊತ್ತಾದ ಮೇಲೆ ತಾನೇ ಆರಿಸುವ ಟೈಮರ್ ಹಾಕಿಸಿದ ಮೇಲೆ ಜಗಳ ನಿಂತಿತು. ಲೆಕ್ಕದ ಹುಚ್ಚಿರುವವರ ಕೈಗೆ ಮೀಟರ್ ಓದುವ ಕೆಲಸ ಕೊಡಿ. ದಿನಾ ಒಂದೇ ಹೊತ್ತಿಗೆ ಬರೆದಿಡಲಿ. ಯಾವ ದಿನ ಯೂನಿಟ್ ಜಾಸ್ತಿಯಾಯಿತು, ಯಾಕೆ ಅಂತ ಅವರೇ ಹುಡುಕುತ್ತಾರೆ. ಅವರಿಗೆ ಅದೊಂದು ಆಟ.

ಸುಖ ಬಯಸುವವರಿಗೆ ತ್ಯಾಗದ ಪಾಠ ಹೇಳಬೇಡಿ, ಕಿವಿಗೇ ಹಾಕಿಕೊಳ್ಳುವುದಿಲ್ಲ. ನನ್ನ ಸೊಸೆಗೆ ಎಸಿ ಬೇಕೇ ಬೇಕು. ಬೇಡ ಅನ್ನುವುದು ಬಿಟ್ಟು, ಎರಡು ಡಿಗ್ರಿ ಮೇಲಿಟ್ಟು ಫ್ಯಾನ್ ಹಾಕಿಕೋ ಅಂದೆ. ಗಾಳಿ ಆಡಿದರೆ ಮೈಗೆ ಅಷ್ಟೇ ತಂಪು. ಸೀಲಿಂಗ್ ಫ್ಯಾನ್ ಎಳೆಯುವುದು 75 ವ್ಯಾಟಿನ ಆಸುಪಾಸು, ಎಸಿ ಸಾವಿರದ ಮೇಲೆ. ಫ್ಯಾನ್ ತಣಿಸುವುದು ಮೈಯನ್ನು, ಕೋಣೆಯನ್ನಲ್ಲ. ಎದ್ದು ಹೋಗುವಾಗ ಆರಿಸಬೇಕು, ಅಷ್ಟೇ.

ಕರೆಂಟು ಹೋಗಿದ್ದೇ ನೋಡದೆ ಬೆಳೆದ ಮಕ್ಕಳಿಗೆ ಅದರ ಬೆಲೆ ಗೊತ್ತಿಲ್ಲ ಅಂತ ಗೊಣಗುತ್ತೇವೆ. ಆದರೆ ವಾಷಿಂಗ್ ಮಷೀನಿನಲ್ಲಿ ಬಿಸಿನೀರಿನ ಬಟನ್ ಬೇಡ, ನೀರು ಕಾಯಿಸುವುದಕ್ಕೇ ಜಾಸ್ತಿ ಕರೆಂಟು ಹೋಗುತ್ತದೆ ಅಂತ ನನಗೆ ಹೇಳಿಕೊಟ್ಟದ್ದು ಮೊಮ್ಮಗಳು.

ಇನ್ನು ಏನನ್ನೂ ಎಸೆಯದವರು. ನಮ್ಮ ಯಜಮಾನರು ಹೊಸ ಫ್ರಿಜ್ ಬಂದ ಮೇಲೂ ಹಳೆಯದನ್ನು ಹಿಂದಿನ ಕೋಣೆಯಲ್ಲಿ ಓಡಿಸುತ್ತಿದ್ದರು. ಸುಮ್ನೆ ಕೆಡಿಸುವುದೇಕೆ ಅನ್ನುತ್ತಿದ್ದರು. ಒಮ್ಮೆ ಬಾಗಿಲು ತೆಗೆದು ನೋಡಿದೆ. ಒಳಗೆ ಇದ್ದದ್ದು ಎರಡು ನೀರಿನ ಬಾಟಲಿ.