ಗುರುವಿಲ್ಲದೆ ಪ್ರಾಣಾಯಾಮ: ನಿಲ್ಲಿಸುವ ಅಧಿಕಾರ ಯಾರ ಕೈಯಲ್ಲಿ?

ಕುಂಭಕ (ಉಸಿರನ್ನು ಹಿಡಿದು ನಿಲ್ಲಿಸುವುದು), ಬಂಧ (ಕುತ್ತಿಗೆ, ಹೊಟ್ಟೆ ಮೊದಲಾದೆಡೆ ಸ್ನಾಯುಗಳನ್ನು ಬಿಗಿಹಿಡಿಯುವುದು), ಚಕ್ರಧ್ಯಾನ ಮೊದಲಾದ ಒಳಸಾಧನೆಗಳನ್ನು ಗುರುವಿಲ್ಲದೆ ಕಲಿಯಬಹುದೇ ಎಂದು ನನ್ನನ್ನು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ನಾನು ತೀರ್ಥಹಳ್ಳಿ ಸೀಮೆಯ ಒಬ್ಬ ಅಡಿಕೆ ಬೆಳೆಗಾರ, ಯೋಗಶಿಕ್ಷಕನಲ್ಲ. ಆದರೂ ಕೇಳುತ್ತಾರೆ, ಏಕೆಂದರೆ ನಾನು ಬಹುಮಟ್ಟಿಗೆ ಒಬ್ಬನೇ ಕಲಿತವನೆಂಬುದು ಊರಿನವರಿಗೆ ಗೊತ್ತು. ಕಲಿಯಬಹುದು ಅಥವಾ ಕಲಿಯಬಾರದು ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ನನಗೆ ಆಗುವುದಿಲ್ಲವಾದ್ದರಿಂದ, ನಾನು ಹೇಗೆ ಕಲಿತೆ, ಎಲ್ಲಿ ನಿಂತೆ, ಯಾವುದನ್ನು ಇನ್ನೊಬ್ಬರಿಗೆ ಹೇಳಿಕೊಡದೆ ಉಳಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಬಾಲ್ಯದಲ್ಲಿ ಉಪನಯನವಾದಾಗ ಸಂಧ್ಯಾವಂದನೆಯ ಪ್ರಾಣಾಯಾಮವನ್ನು ಅಜ್ಜ ಹೇಳಿಕೊಟ್ಟಿದ್ದರು. ಪ್ರಣವ, ವ್ಯಾಹೃತಿ, ಗಾಯತ್ರಿ, ಶಿರೋಮಂತ್ರ ಇಷ್ಟನ್ನು ಮನಸ್ಸಿನಲ್ಲಿ ಹೇಳಿಕೊಳ್ಳುವಷ್ಟು ಹೊತ್ತು ಮಾತ್ರ ಉಸಿರು ನಿಲ್ಲಬೇಕು, ಅದಕ್ಕಿಂತ ಹೆಚ್ಚಿಲ್ಲ. ಅಲ್ಲಿ ಮಂತ್ರದ ಉದ್ದವೇ ಅಳತೆಯಾಗಿತ್ತು. ಹುಡುಗನಿಗೆ ಹುಮ್ಮಸ್ಸು ಬಂದರೂ ಮೀರಲು ಎಡೆಯಿರಲಿಲ್ಲ. ಮುಂದೆ ಶಿವಮೊಗ್ಗದ ಒಂದು ಶಿಬಿರದಲ್ಲಿ ಆಸನಗಳನ್ನು ಚೆನ್ನಾಗಿ ಕಲಿತೆ. ಅಲ್ಲಿಂದಾಚೆಗಿನ ಸಾಧನೆಯನ್ನು ನಿತ್ಯವೂ ಎದುರಿಗೆ ಕೂರಿಸಿಕೊಂಡು ಕಲಿಸುವವರು ಹತ್ತಿರದಲ್ಲಿ ಯಾರೂ ಸಿಗಲಿಲ್ಲ. ತೋಟ, ದನಕರು, ವಯಸ್ಸಾದ ತಾಯಿಯನ್ನು ಬಿಟ್ಟು ದೂರದ ಆಶ್ರಮದಲ್ಲಿ ವರ್ಷಗಟ್ಟಲೆ ಇರುವ ಅನುಕೂಲವೂ ಇರಲಿಲ್ಲ.

ಹಾಗಾಗಿ ಗ್ರಂಥದಿಂದಲೇ ತೊಡಗಬೇಕಾಯಿತು. ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯ ಎರಡನೆಯ ಉಪದೇಶದಲ್ಲಿ, ಅಂದರೆ ಅಧ್ಯಾಯದಲ್ಲಿ, ಒಂದು ಶ್ಲೋಕವಿದೆ: ಸಿಂಹ, ಆನೆ, ಹುಲಿಗಳು ಮೆಲ್ಲಮೆಲ್ಲನೆ ಹೇಗೆ ವಶವಾಗುತ್ತವೆಯೋ ಹಾಗೆಯೇ ವಾಯುವನ್ನೂ ಪಳಗಿಸಬೇಕು, ಇಲ್ಲವಾದರೆ ಅದು ಸಾಧಕನನ್ನೇ ಕೊಲ್ಲುತ್ತದೆ. ಅದರ ಮುಂದಿನ ಶ್ಲೋಕಗಳು, ಯುಕ್ತವಾದ ಪ್ರಾಣಾಯಾಮದಿಂದ ಎಲ್ಲ ರೋಗಗಳೂ ನಾಶವಾಗುತ್ತವೆ, ಅಯುಕ್ತವಾದ ಅಭ್ಯಾಸದಿಂದ ಎಲ್ಲ ರೋಗಗಳೂ ಹುಟ್ಟುತ್ತವೆ ಎಂದು ಹೇಳಿ, ಬಿಕ್ಕಳಿಕೆ, ಉಬ್ಬಸ, ಕೆಮ್ಮು, ತಲೆ, ಕಿವಿ, ಕಣ್ಣುಗಳ ನೋವು ಎಂದು ಪಟ್ಟಿಯನ್ನೂ ಕೊಡುತ್ತವೆ. ಇದನ್ನು ಹೆದರಿಸುವ ಮಾತೆಂದು ನಾನು ಓದಲಿಲ್ಲ. ಕೆಲಸ ಬಲ್ಲವನೊಬ್ಬ ಮುಂದೆ ಬರುವವನಿಗೆ ಕೊಟ್ಟ ಸೂಚನೆಯೆಂದು ಓದಿದೆ.

ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ, ಗಾಜನೂರು ಅಣೆಕಟ್ಟಿನ ಹಿನ್ನೀರಿನ ಪಕ್ಕದಲ್ಲಿ, ಸಕ್ರೆಬೈಲಿನ ಆನೆ ಬಿಡಾರವಿದೆ. ಕಾಡಿನಿಂದ ಹಿಡಿದು ತಂದ ಆನೆಯನ್ನು ಅಲ್ಲಿ ದಪ್ಪ ಮರದ ದಿಮ್ಮಿಗಳ ಕ್ರಾಲ್‌ನೊಳಗೆ ತಿಂಗಳುಗಟ್ಟಲೆ ಇಡುತ್ತಾರೆ. ಮಾವುತ ಮತ್ತು ಅವನ ಸಹಾಯಕನಾದ ಕಾವಾಡಿ ದಿನವೂ ಆಹಾರ ಕೊಟ್ಟು, ಮಾತಾಡಿಸಿ, ಅದರ ಕಣ್ಣು, ಕಿವಿ, ಸೊಂಡಿಲುಗಳ ಚಲನೆಯನ್ನು ಗಮನಿಸಿ, ಇವತ್ತು ಹತ್ತಿರ ಹೋಗಬಹುದೇ ಬೇಡವೇ ಎಂದು ತೀರ್ಮಾನಿಸುತ್ತಾರೆ. ಆ ಶ್ಲೋಕವನ್ನು ಓದಿದ ಮೇಲೆ ನನಗೆ ಹೊಳೆದದ್ದು ಇದು: ನಿಧಾನವೊಂದೇ ಸಾಲದು, ನೋಡುತ್ತಿರುವವನೊಬ್ಬ ಹೊರಗೆ ಇರಬೇಕು. ಒಬ್ಬನೇ ಸಾಧನೆ ಮಾಡುವವನಲ್ಲಿ ಆನೆಯೂ ಮಾವುತನೂ ಒಬ್ಬನೇ. ಉಸಿರಿನ ಅಭ್ಯಾಸದಿಂದ ಕೆರಳಿದ ಮನಸ್ಸೇ, ತಾನು ಕೆರಳಿದ್ದೇನೆಯೇ ಇಲ್ಲವೇ ಎಂದು ತೀರ್ಪು ಕೊಡಬೇಕಾಗುತ್ತದೆ. ಕ್ರಮ, ಲೆಕ್ಕ, ಮುದ್ರೆ ಇವೆಲ್ಲ ಇಂದು ಪುಸ್ತಕದಲ್ಲೂ ವಿಡಿಯೊದಲ್ಲೂ ಸಿಗುತ್ತವೆ. ಸಿಗದಿರುವುದು 'ಇವತ್ತು ಬೇಡ' ಎನ್ನುವ ಮನುಷ್ಯ. ಗುರುವಿನ ಮುಖ್ಯ ಕೆಲಸವೇ ಅದೆಂದು ನಾನು ನಂಬಿದ್ದೇನೆ.

ಮೊದಲ ಹೆಜ್ಜೆಯಾಗಿ ವೈದ್ಯರ ಬಳಿಗೆ ಹೋದೆ. ರಕ್ತದೊತ್ತಡ ನೋಡಿದರು, ಹೃದಯದ ತಪಾಸಣೆಯಾಯಿತು. ಕಣ್ಣಿನ ಒತ್ತಡವನ್ನೂ ನೋಡಿಸಿಕೊಂಡೆ, ಏಕೆಂದರೆ ಉಸಿರನ್ನು ಬಿಗಿಹಿಡಿದು ಎದೆ, ಹೊಟ್ಟೆಗಳ ಮೇಲೆ ಒತ್ತಡ ಹಾಕಿದಾಗ ರಕ್ತದೊತ್ತಡ ಏರಿಳಿಯುತ್ತದೆ, ಕಣ್ಣಿನೊಳಗಿನ ಒತ್ತಡವೂ ಹೆಚ್ಚುತ್ತದೆ. ಗ್ಲಾಕೋಮಾ ಇರುವವರಿಗೆ ಇದು ಸಣ್ಣ ಸಂಗತಿಯಲ್ಲ. ಆ ವೈದ್ಯರು ಯೋಗದ ವಿರೋಧಿಗಳಾಗಿರಲಿಲ್ಲ. ವೇಗದ ಉಸಿರಾಟದಲ್ಲಿ ದೇಹದೊಳಗೆ ಏನಾಗುತ್ತದೆಂದು ಅವರು ತಾಳ್ಮೆಯಿಂದ ವಿವರಿಸಿದ್ದು ನನಗೆ ಯಾವ ಉಪದೇಶಕ್ಕಿಂತಲೂ ಹೆಚ್ಚಿಗೆ ಉಪಯೋಗಕ್ಕೆ ಬಂತು.

ಅದರ ಸಾರ ಹೀಗಿದೆ. ಅಗತ್ಯಕ್ಕಿಂತ ವೇಗವಾಗಿ, ಆಳವಾಗಿ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಅದು ಇಳಿದಂತೆ ಮೆದುಳಿನ ರಕ್ತನಾಳಗಳು ಸಂಕುಚಿಸಿ ಅಲ್ಲಿಗೆ ಹೋಗುವ ರಕ್ತ ಕಡಿಮೆಯಾಗುತ್ತದೆ, ತಲೆ ಹಗುರಾಗುತ್ತದೆ, ಕಣ್ಣ ಮುಂದೆ ಬೆಳಕು ಹೊಳೆದಂತಾಗಬಹುದು. ರಕ್ತದ ಕ್ಷಾರಗುಣ ಹೆಚ್ಚಿ, ಅದರಲ್ಲಿ ಮುಕ್ತವಾಗಿರುವ ಕ್ಯಾಲ್ಸಿಯಂ ಅಂಶ ತಗ್ಗಿ, ತುಟಿಯ ಸುತ್ತ, ಬೆರಳ ತುದಿಗಳಲ್ಲಿ ಜುಮ್ಮೆನ್ನುತ್ತದೆ. ಹೆಚ್ಚಾದರೆ ಕೈಬೆರಳುಗಳು ತಾವಾಗಿಯೇ ಸೆಟೆದುಕೊಳ್ಳುತ್ತವೆ. ಈ ಲಕ್ಷಣಗಳನ್ನು ತಿಳಿಯದವನು ಭಸ್ತ್ರಿಕೆಯ (ತಿದಿಯೊತ್ತಿದಂತೆ ರಭಸವಾಗಿ ಉಸಿರಾಡುವ ಪ್ರಾಣಾಯಾಮ) ನಂತರ ಮೈಯೆಲ್ಲ ಜುಮ್ಮೆಂದಾಗ ಪ್ರಾಣಸಂಚಾರವಾಯಿತೆಂದೂ, ಬೆರಳು ಸೆಟೆದಾಗ ಮುದ್ರೆ ತಾನಾಗಿ ಮೂಡಿತೆಂದೂ ತಿಳಿಯುತ್ತಾನೆ. ತಿಳಿದು, ಮರುದಿನ ಇನ್ನಷ್ಟು ಮಾಡುತ್ತಾನೆ. ದೇಹ ಸಾಕೆಂದು ಕೊಟ್ಟ ಸೂಚನೆಯನ್ನು ಸಿದ್ಧಿಯೆಂದು ಓದುವುದೇ ಏಕಾಂಗಿ ಸಾಧನೆಯ ಅತಿ ದೊಡ್ಡ ಅಪಾಯವೆಂದು ನನಗೆ ಅನ್ನಿಸುತ್ತದೆ. ಒಳಗೆ ನಡೆಯುವುದೆಲ್ಲ ರಾಸಾಯನಿಕ ಕ್ರಿಯೆ ಮಾತ್ರ ಎಂದು ಇದರ ಅರ್ಥವಲ್ಲ. ಆದರೆ ಇಷ್ಟನ್ನು ಕಳೆದು ಉಳಿಯುವುದು ಏನೋ ಅದನ್ನು ಅನುಭವವೆಂದು ಕರೆಯುವುದು ಪ್ರಾಮಾಣಿಕತೆ.

ಉಸಿರನ್ನು ರಭಸದಿಂದ ಹೊರದಬ್ಬುವ ಕಪಾಲಭಾತಿಯನ್ನು ಮಿತಿಮೀರಿ ಮಾಡಿದ ಒಬ್ಬ ಯುವತಿಗೆ ಶ್ವಾಸಕೋಶದ ಹೊರಪದರದೊಳಕ್ಕೆ ಗಾಳಿ ಸೋರಿದ ಪ್ರಕರಣವೊಂದು 2004ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ವರದಿಯಾಗಿದೆ. ಇಂಥವು ಅಪರೂಪ. ಆದರೂ ಅಪರೂಪವೆಂಬುದು ಅದಕ್ಕೆ ಗುರಿಯಾದವರಿಗೆ ಸಮಾಧಾನವಲ್ಲ.

ಇಷ್ಟು ತಿಳಿದ ಮೇಲೆ ನಾನು ಮಾಡಿಕೊಂಡ ವ್ಯವಸ್ಥೆಯಲ್ಲಿ ಮುಖ್ಯವಾದದ್ದು, ನಿಲ್ಲಿಸುವ ಅಧಿಕಾರವನ್ನು ನನ್ನ ಕೈಯಿಂದ ತೆಗೆದು ಹೆಂಡತಿಯ ಕೈಗೆ ಕೊಟ್ಟದ್ದು. ಅವಳಿಗೆ ಹಠಯೋಗದ ಗ್ರಂಥಗಳ ಪರಿಚಯವಿಲ್ಲ, ಬೇಕಾಗಿಯೂ ಇಲ್ಲ. ನನ್ನ ನಿದ್ದೆ, ಊಟ, ಸಿಟ್ಟು, ಮಾತಿನ ವೇಗ ಇವು ಅವಳಷ್ಟು ಬೇರೆ ಯಾರಿಗೂ ಗೊತ್ತಿಲ್ಲ. ಪ್ರತಿದಿನ ಮಾಡಿದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು ಅವಳಿಗೆ ಕಾಣುವಲ್ಲಿ ಇಡುತ್ತಿದ್ದೆ. ಅವಳು ಬೇಡವೆಂದರೆ ಕಾರಣ ಕೇಳದೆ ನಿಲ್ಲಿಸಬೇಕೆಂಬುದು ನಮ್ಮಿಬ್ಬರ ಕರಾರು. ಒಂದು ವರ್ಷ ಅಡಿಕೆ ಸುಗ್ಗಿಯಲ್ಲಿ, ಸುಲಿದು ಬೇಯಿಸುವ ಕೆಲಸ ತಡರಾತ್ರಿಯವರೆಗೆ ನಡೆಯುತ್ತಿದ್ದಾಗ, ಅವಳು ಆ ಅಧಿಕಾರವನ್ನು ಚಲಾಯಿಸಿದಳು. "ಹಂಡೆ ಒಲೆ ಮುಂದೆ ಮಧ್ಯರಾತ್ರಿ ತನಕ ಕೂತು, ಮತ್ತೆ ನಾಲ್ಕಕ್ಕೆ ಎದ್ದು ಮೂಗು ಹಿಡ್ಕೊಂಡು ಕೂರೋದು ಬ್ಯಾಡ. ಸುಗ್ಗಿ ಮುಗೀಲಿ, ಆಮೇಲೆ ನೋಡಿ" ಎಂದಳು. ನನಗೆ ಆಗ ಯಾವ ತೊಂದರೆಯೂ ಕಂಡಿರಲಿಲ್ಲ. ಉತ್ಸಾಹವೇ ಹೆಚ್ಚಿತ್ತು. ಆದರೂ ನಿಲ್ಲಿಸಿದೆ, ಏಕೆಂದರೆ ನಿದ್ದೆ ಕಡಿಮೆಯಾಗಿಯೂ ಉತ್ಸಾಹ ಏರುತ್ತಿದ್ದರೆ ಅದನ್ನು ಒಳ್ಳೆಯ ಲಕ್ಷಣವೆಂದು ಕೂಡಲೇ ನಂಬಬಾರದೆಂದು ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ನಾನೇ ಬರೆದಿದ್ದೆ.

ಅಭ್ಯಾಸದ ಕ್ರಮ ತೀರ ಸರಳ. ಮೊದಲು ಬಹಳ ಕಾಲ ಕುಂಭಕವಿಲ್ಲದ ನಾಡೀಶುದ್ಧಿ (ಒಂದೊಂದೇ ಮೂಗಿನ ಹೊಳ್ಳೆಯಿಂದ ಸರದಿಯಲ್ಲಿ ಉಸಿರಾಡುವುದು) ಮಾತ್ರ, ಒಳಗೂ ಹೊರಗೂ ಸಮ ಪ್ರಮಾಣದ ಉಸಿರು. ಅದು ಆಯಾಸವಿಲ್ಲದೆ ಸಾಗತೊಡಗಿದ ಮೇಲೆ ಬಿಡುವ ಉಸಿರನ್ನು ಉದ್ದ ಮಾಡಿದೆ. ಕುಂಭಕವನ್ನು ಸೇರಿಸಿದ್ದು ಅದಾದ ಎಷ್ಟೋ ಕಾಲದ ನಂತರ, ಅದೂ ಬಿಡುವ ಉಸಿರು ಅವಸರವಾಗದಷ್ಟು ಮಾತ್ರ. ಹಿಡಿದ ಮೇಲೆ ಉಸಿರು ನುಗ್ಗಿ ಹೊರಬಂದರೆ ಹಿಡಿದದ್ದು ಹೆಚ್ಚಾಯಿತೆಂದೇ ಲೆಕ್ಕ. ಭಸ್ತ್ರಿಕೆಯನ್ನೂ, ಮೂರು ಬಂಧಗಳೊಂದಿಗಿನ ದೀರ್ಘ ಕುಂಭಕವನ್ನೂ, ಬೆನ್ನುಹುರಿಯಲ್ಲಿ ಶಕ್ತಿಯನ್ನು ಮೇಲಕ್ಕೆ ಎಳೆಯುವ ಭಾವನೆಗಳನ್ನೂ ನಾನು ಒಬ್ಬನೇ ಇರುವಾಗ ಕೈಗೆತ್ತಿಕೊಳ್ಳಲಿಲ್ಲ, ಇಂದಿಗೂ ಕೈಗೆತ್ತಿಕೊಂಡಿಲ್ಲ. ವೇಗದ ಉಸಿರಾಟದ ಬೆನ್ನಿಗೇ ದೀರ್ಘ ಕುಂಭಕ ಮಾಡುವುದಿಲ್ಲ. ಉಸಿರು ಬೇಕೆನ್ನುವ ಒತ್ತಾಯವನ್ನು ಹುಟ್ಟಿಸುವುದು ಮುಖ್ಯವಾಗಿ ಇಂಗಾಲದ ಡೈಆಕ್ಸೈಡ್ ಆದ್ದರಿಂದ, ಅದನ್ನು ಮೊದಲೇ ಹೊರಹಾಕಿದವನು ಆಮ್ಲಜನಕ ತೀರ ತಗ್ಗುವವರೆಗೂ ಎಚ್ಚರಿಕೆಯಿಲ್ಲದೆ ಕುಳಿತು ಪ್ರಜ್ಞೆ ತಪ್ಪಬಹುದು. ತುಂಗೆಯಲ್ಲಿ ಈಜುವ ಹುಡುಗರಿಗೆ ಇದನ್ನು ನಾನು ಒತ್ತಿ ಹೇಳುತ್ತೇನೆ, ನೀರಿನಲ್ಲಿ ಆ ಪ್ರಯೋಗ ಪ್ರಾಣವನ್ನೇ ತೆಗೆಯುತ್ತದೆ.

ಗುರುವಿಲ್ಲದ ಸಾಧನೆಯ ದಾಖಲೆಗಳಲ್ಲಿ ನಾನು ಮತ್ತೆ ಮತ್ತೆ ಯೋಚಿಸಿರುವುದು ಕಾಶ್ಮೀರದ ಗೋಪಿಕೃಷ್ಣರದ್ದು. ಸರ್ಕಾರಿ ಗುಮಾಸ್ತರಾಗಿದ್ದ ಅವರು ಹಲವು ವರ್ಷ ಒಬ್ಬರೇ ಧ್ಯಾನ ಮಾಡುತ್ತಿದ್ದು, 1937ರ ಡಿಸೆಂಬರಿನಲ್ಲಿ ಬೆನ್ನುಹುರಿಯ ಬುಡದಲ್ಲಿ ಸುಪ್ತವಾಗಿದೆಯೆಂದು ಯೋಗಿಗಳು ಹೇಳುವ ಶಕ್ತಿಯಾದ ಕುಂಡಲಿನಿಯ ಪ್ರಚಂಡ ಅನುಭವಕ್ಕೆ ಒಳಗಾದರು. ಮೊದಲ ಬೆಳಕಿನ ಹಿಂದೆಯೇ ಮೈಯುರಿ, ನಿದ್ರಾಹೀನತೆ, ಆಹಾರದ ಮೇಲೆ ಜಿಗುಪ್ಸೆ, ಮನಸ್ಸು ಕದಡಿದ ಸ್ಥಿತಿ ಬಂದವು, ಚೇತರಿಕೆಗೆ ದೀರ್ಘಕಾಲ ಹಿಡಿಯಿತು. ಆ ಹೊತ್ತಿನಲ್ಲಿ ತಮಗೆ ಆಗುತ್ತಿರುವುದನ್ನು ತಿಳಿದು ದಾರಿ ತೋರಿಸುವವರು ಸಿಗಲಿಲ್ಲವೆಂಬ ಅವರ ನೋವು ಬರಹದಲ್ಲಿ ಸ್ಪಷ್ಟವಾಗಿದೆ. ಉಸಿರು, ಚಲನೆ, ಧ್ಯಾನಗಳನ್ನು ಕೂಡಿಸುವ ಚೀನಾದ ಚಿಗಾಂಗ್ ಸಾಧನೆಯಲ್ಲೂ ಇಂಥದ್ದೇ ಮಾನಸಿಕ ತೊಂದರೆಗಳು ಕಂಡುಬಂದು, 1994ರ ಅಮೆರಿಕದ ಮನೋರೋಗ ಕೈಪಿಡಿಯಲ್ಲಿ ಅದಕ್ಕೆ ಹೆಸರೂ ಸೇರಿತು.

ನಮ್ಮ ಜಿಲ್ಲೆಯಲ್ಲೇ ಈ ಚರ್ಚೆಗೆ ಹಳೆಯ ಬೇರುಗಳಿವೆ. ಬಳ್ಳಿಗಾವೆಯ ಕೋಡಿಯ ಮಠವನ್ನು ವರ್ಣಿಸುವ 1162ರ ಶಾಸನ, ಅಲ್ಲಿ ವೇದ, ವ್ಯಾಕರಣ, ದರ್ಶನಗಳ ಜೊತೆಗೆ ಪತಂಜಲಿಯ ಯೋಗಶಾಸ್ತ್ರದ ಅಧ್ಯಯನ ನಡೆಯುತ್ತಿತ್ತೆಂದು ಹೇಳುತ್ತದೆ. ದೀನರಿಗೆ ಅನ್ನ, ರೋಗಿಗಳಿಗೆ ಚಿಕಿತ್ಸೆ ದೊರೆಯುತ್ತಿದ್ದುದೂ ಅದೇ ಆವರಣದಲ್ಲಿ. ಯೋಗ ಕಲಿಯುವವನ ಸುತ್ತ ಅವನ ಊಟ, ನಿದ್ದೆ, ನಡತೆಗಳನ್ನು ದಿನವೂ ಕಾಣುವ ಜನ ಇದ್ದರೆಂಬುದೇ ನನಗೆ ಅಲ್ಲಿ ಮುಖ್ಯವಾಗಿ ತೋರುತ್ತದೆ. ಆ ಬಳ್ಳಿಗಾವೆಯವನೇ ಆದ ಅಲ್ಲಮಪ್ರಭು, ಶೂನ್ಯಸಂಪಾದನೆಯ ಪ್ರಸಂಗದಲ್ಲಿ, ಯೋಗಸಾಧನೆಯಿಂದ ವಜ್ರಕಾಯ ಪಡೆದ ಸಿದ್ಧ ಗೋರಕ್ಷನನ್ನು ಎದುರುಗೊಳ್ಳುತ್ತಾನೆ. ಗೋರಕ್ಷನ ಮೈಗೆ ತಾಗಿದ ಕತ್ತಿ ಖಣಿಲೆಂದರೆ, ಅಲ್ಲಮನ ಮೈಯಲ್ಲಿ ಅದು ಬಯಲಿನಲ್ಲಿ ಬೀಸಿದಂತೆ ಹಾದುಹೋಗುತ್ತದೆ. ಶಕ್ತಿ ಬೇಕೆಂದು ಸಾಧನೆಗೆ ಇಳಿಯುವ ಯುವಕರಿಗೆ ಈ ಕಥೆಯನ್ನು ಹೇಳಿ, ನಿನಗೆ ಇದು ಏತಕ್ಕೆ ಬೇಕು ಎಂದು ಕೇಳುತ್ತೇನೆ. ಉತ್ತರ ಬರಲು ಹೊತ್ತಾಗುತ್ತದೆ, ಆ ಹೊತ್ತನ್ನು ಕೊಡಬೇಕು.

ಗುರು ಸಿಕ್ಕರೆ ಎಲ್ಲವೂ ಸುರಕ್ಷಿತವೆಂದೂ ನಾನು ಹೇಳಲಾರೆ. ಬಂದವರ ಕಾಯಿಲೆ, ಔಷಧಿಗಳನ್ನು ವಿಚಾರಿಸದೆ ವಾರಾಂತ್ಯದಲ್ಲಿ ಶಕ್ತಿಪಾತ (ಗುರು ತನ್ನ ಶಕ್ತಿಯನ್ನು ಶಿಷ್ಯನಿಗೆ ಹರಿಸುವುದು) ಕೊಡುವುದಾಗಿ ಹೇಳಿ ನೂರಾರು ಜನರಿಗೆ ಒಟ್ಟಿಗೆ ತೀವ್ರ ಉಸಿರಾಟ ಮಾಡಿಸುವ ಶಿಬಿರವನ್ನು ನಾನು ನೋಡಿದ್ದೇನೆ. ಅದಕ್ಕಿಂತ ಮನೆಯಲ್ಲಿ ಕುಂಭಕವಿಲ್ಲದೆ ಕೂರುವುದು ಎಷ್ಟೋ ಲೇಸು. ಯೋಗಶಿಕ್ಷಕ ಬಿ.ಕೆ.ಎಸ್. ಅಯ್ಯಂಗಾರರ ಎದೆ ದುರ್ಬಲವೆಂಬ ಕಾರಣಕ್ಕೆ ಅವರ ಗುರು ಕೃಷ್ಣಮಾಚಾರ್ಯರು ಮೈಸೂರಿನಲ್ಲಿ ಅವರಿಗೆ ಪ್ರಾಣಾಯಾಮ ಕಲಿಸಲು ಒಪ್ಪಲಿಲ್ಲ, ಇದನ್ನು ಅಯ್ಯಂಗಾರರೇ ಹೇಳಿಕೊಂಡಿದ್ದಾರೆ. ಮುಂದೆ ಅಯ್ಯಂಗಾರರು ಬಹುಪಾಲು ಸ್ವಂತ ಪ್ರಯತ್ನದಿಂದಲೇ ಅದನ್ನು ಕಲಿತರು, ನಿಜ. ಆದರೂ ಶಿಕ್ಷಕನನ್ನು ಅಳೆಯುವಾಗ ಅವನು ಯಾರಿಗಾದರೂ ಬೇಡವೆಂದಿದ್ದಾನೆಯೇ ಎಂಬುದನ್ನೇ ನಾನು ಮೊದಲು ನೋಡುತ್ತೇನೆ.

ಒಬ್ಬನೇ ಕಲಿತವನಿಗೆ ಕಲಿಸುವ ಹಕ್ಕಿದೆಯೇ? ನನ್ನ ಮಟ್ಟಿಗೆ ಇಲ್ಲವೆಂದು ತೀರ್ಮಾನಿಸಿದ್ದೇನೆ. ನನ್ನ ಪ್ರಮಾಣಗಳು ನನ್ನ ದೇಹಕ್ಕೆ ಹೊಂದಿ ಬಂದವು. ಇನ್ನೊಬ್ಬರಲ್ಲಿ ತೊಂದರೆ ಕಂಡರೆ ಅದನ್ನು ಗುರುತಿಸಿ ಸರಿಪಡಿಸುವ ತರಬೇತಿ ನನಗಿಲ್ಲ. ಕೇಳಿದವರಿಗೆ ಕುಂಭಕವಿಲ್ಲದ ನಾಡೀಶುದ್ಧಿಯನ್ನಷ್ಟೇ ಹೇಳುತ್ತೇನೆ. ಹೃದ್ರೋಗ, ರಕ್ತದೊತ್ತಡ, ಮೂರ್ಛೆರೋಗ, ಗ್ಲಾಕೋಮಾ, ಹರ್ನಿಯಾ ಇರುವವರು, ಗರ್ಭಿಣಿಯರು, ತಮಗಾಗಲಿ ಮನೆಯವರಿಗಾಗಲಿ ಮನೋವಿಕಾರದ ಇತಿಹಾಸವಿರುವವರು ವೈದ್ಯರನ್ನು ಕೇಳದೆ ಯಾವ ತೀವ್ರ ಅಭ್ಯಾಸಕ್ಕೂ ಕೈಹಾಕಬಾರದೆಂದು ಹೇಳುತ್ತೇನೆ. ರಾತ್ರಿಗಟ್ಟಲೆ ನಿದ್ದೆ ಬಾರದಿದ್ದರೆ, ಇಲ್ಲದ ದನಿಗಳು ಕೇಳಿಸತೊಡಗಿದರೆ, ತನಗೆ ವಿಶೇಷ ನಿಯೋಗವಿದೆಯೆಂದು ಅನ್ನಿಸತೊಡಗಿದರೆ, ಸಾಧನೆಯನ್ನು ಅಂದೇ ನಿಲ್ಲಿಸಿ ಮನೋವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು. ಅಂಥವರಿಗೆ ಇದು ಕುಂಡಲಿನಿ ಜಾಗೃತಿ, ಔಷಧಿ ಬೇಡ ಎಂದು ಹೇಳುವುದು ಅಧರ್ಮ. ಈ ಮಾತನ್ನು ನಾನು ಯಾರ ಮುಂದೆಯೂ ಮೃದುಗೊಳಿಸುವುದಿಲ್ಲ.

ಈಚೆಗೆ ನೆಂಟರ ಹುಡುಗನೊಬ್ಬ ಬಂದು ನನ್ನ ನೋಟ್‌ಬುಕ್ಕನ್ನು ಕೇಳಿದ. ಕೊಡಲಿಲ್ಲ. ಯಾವಾಗ ನಿಲ್ಲಿಸಬೇಕೆಂದು ಬರೆದಿರುವ ಮೊದಲ ಪುಟವನ್ನು ಮಾತ್ರ ನಕಲು ಮಾಡಿ, ಅವನ ಮನೆಗೆ ಹೋಗಿ ಅವನ ತಾಯಿಯ ಕೈಗೆ ಕೊಟ್ಟೆ. ಓದಿದ ಅವರು, ಇವನಿಗೆ ಸಣ್ಣವನಿದ್ದಾಗ ಫಿಟ್ಸ್ ಬರುತ್ತಿತ್ತಲ್ಲ ಅಣ್ಣಯ್ಯ, ತೊಂದರೆಯಿಲ್ಲವೇ ಎಂದು ಕೇಳಿದರು. ಅವನು ಅದನ್ನು ನನಗೆ ಹೇಳಿರಲಿಲ್ಲ. ಅವನಿಗೆ ನೆನಪೂ ಇರಲಿಲ್ಲ. ಮೆದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಅಡಗಿರುವ ಮೂರ್ಛೆಯ ಲಕ್ಷಣವನ್ನು ಹೊರತರಲು ರೋಗಿಗೆ ಸುಮಾರು ಮೂರು ನಿಮಿಷ ಬೇಕೆಂದೇ ವೇಗವಾಗಿ ಉಸಿರಾಡಿಸುತ್ತಾರೆ ಎಂಬುದನ್ನು ಅವರಿಗೆ ವಿವರಿಸಿದೆ. ನರರೋಗ ತಜ್ಞರ ಅಭಿಪ್ರಾಯ ಬರುವವರೆಗೆ ಅವನು ಕಪಾಲಭಾತಿಯನ್ನೂ ಭಸ್ತ್ರಿಕೆಯನ್ನೂ ಮಾಡಬಾರದೆಂದು ಮೂವರೂ ಒಪ್ಪಿಕೊಂಡಿದ್ದೇವೆ.