ಊರಿನ ಹಳೇ ಕಲ್ಲು ಓದೋದು ಹೇಗೆ: ವೀರಗಲ್ಲು, ಶಾಸನ, ದಿಬ್ಬದ ಪದಗಳು

ನಮ್ಮ ಉತ್ತರ ಕನ್ನಡದಲ್ಲಿ ಹಳೇ ಕಲ್ಲು ಇಲ್ಲದ ಊರು ಕಡಿಮೆ. ತೋಟದ ಅಂಚಿನಲ್ಲಿ, ಕೆರೆ ಏರಿಯ ಮೇಲೆ, ದೇವಸ್ಥಾನದ ಹಿಂದೆ ಗೋಡೆಗೆ ಒರಗಿಸಿ ಇಟ್ಟಿರುತ್ತಾರೆ. ಕೆಲವಕ್ಕೆ ಬೀರಪ್ಪ, ಜಟಗ, ಮಾಸ್ತಿ ಅಂತ ಹೆಸರಿಟ್ಟು ಕಾಯಿ ಒಡೆಯುತ್ತಾರೆ, ಕೆಲವು ಸುಮ್ನೆ ಬಿದ್ದಿರುತ್ತವೆ, ಇನ್ನು ಕೆಲವು ಬಟ್ಟೆ ಒಗೆಯುವ ಕಲ್ಲಾಗಿವೆ. ಇವುಗಳ ಬಗ್ಗೆ ತಿಳಿಯಬೇಕು ಅಂತ ಪುಸ್ತಕ ತೆರೆದವರು ಮೊದಲ ಪುಟದಲ್ಲೇ ಸುಸ್ತಾಗುತ್ತಾರೆ. ಉತ್ಖನನ, ಸ್ತರ, ಪ್ರಶಸ್ತಿ, ನಿಷಿಧಿ, ಶಾಪಾಶಯ, ಒಂದರ ಹಿಂದೆ ಒಂದು ಪದ. ಇವನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಲು ಹೋಗಬೇಡಿ. ಕಲ್ಲಿನ ಎದುರು ನಿಂತು ಕಲಿಯಿರಿ. ಒಂದು ಸಲ ಕಣ್ಣಿಂದ ನೋಡಿದ ಪದ ಮತ್ತೆ ಮರೆಯುವುದಿಲ್ಲ.

ಅಕ್ಷರದಿಂದ ಶುರು ಮಾಡಬೇಡಿ, ಆಕಾರದಿಂದ ಶುರು ಮಾಡಿ. ಕಲ್ಲು ಯಾವ ಜಾತಿಯದು ಅನ್ನುವುದು ಒಂದಕ್ಷರ ಓದದೆಯೂ ಗೊತ್ತಾಗುತ್ತದೆ.

ಚಿತ್ರಗಳು ಅಡ್ಡ ಪಟ್ಟಿಗಳಾಗಿ ಒಂದರ ಮೇಲೊಂದು ಇದ್ದರೆ ಅದು ಹೆಚ್ಚಾಗಿ ವೀರಗಲ್ಲು, ಅಂದರೆ ಹೋರಾಡಿ ಸತ್ತವನ ನೆನಪಿನ ಕಲ್ಲು. ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತವೆ. ಇದನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗೆ ಜಗಳ, ಅಂದರೆ ಆತ ಸತ್ತ ಬಗೆ. ನಡುವೆ ಅಪ್ಸರೆಯರು ಅವನನ್ನು ಕರೆದುಕೊಂಡು ಹೋಗುತ್ತಿದ್ದಾರೆ. ಮೇಲೆ ಆತ ಶಿವಲಿಂಗದ ಎದುರು ಕೈಮುಗಿದು ಕೂತಿದ್ದಾನೆ. ತುದಿಯಲ್ಲಿ ಸೂರ್ಯ, ಚಂದ್ರ. ಅವು ಇರುವವರೆಗೂ ಇವನ ಹೆಸರು ಇರಲಿ ಅಂತ. ಜಾಸ್ತಿ ಹೊತ್ತು ನೋಡಬೇಕಾದ್ದು ಕೆಳಗಿನ ಪಟ್ಟಿಯನ್ನು. ಅಲ್ಲಿ ದನಗಳು ಸಾಲಾಗಿ ನಿಂತಿದ್ದರೆ ಅದು ತುರುಗೊಳ್, ಅಂದರೆ ದನ ಹೊಡೆದುಕೊಂಡು ಹೋಗಲು ಬಂದವರ ಜೊತೆ ಹೋರಾಡಿ ಸತ್ತವನ ಕಲ್ಲು. ಊರಳಿವು ಅಂದರೆ ಊರಿನ ಮೇಲೆ ಬಿದ್ದ ದಾಳಿ. ಪೆಣ್ಬುಯ್ಯಲ್ ಅಂದರೆ ಹೆಂಗಸರ ಮಾನ ಕಾಯಲು ನಡೆದ ಜಗಳ. ಹುಲಿ, ಹಂದಿ ಇದ್ದರೆ ಬೇಟೆಯಲ್ಲಿ ಸತ್ತವನು. ಗೋವಾದಲ್ಲಿ, ಮುಂಬೈ ಹತ್ತಿರದ ಏಕ್ಸರ್‌ನಲ್ಲಿ ಹಡಗು ಕೆತ್ತಿದ ವೀರಗಲ್ಲುಗಳಿವೆ, ಸಮುದ್ರದ ಮೇಲಿನ ಯುದ್ಧದ್ದು. ಹಾಗಾಗಿ ಕಾರವಾರ, ಅಂಕೋಲಾ, ಹೊನ್ನಾವರ ಕಡೆ ಇರುವವರು ಕೆಳಗಿನ ಪಟ್ಟಿಯನ್ನು ಇನ್ನೂ ಸ್ವಲ್ಪ ಬಗ್ಗಿ ನೋಡಿ.

ಕಂಬದಿಂದ ಒಂದು ಕೈ ಹೊರಗೆ ಬಂದ ಹಾಗೆ ಕೆತ್ತಿದ್ದು, ಮೊಣಕೈ ಮಡಚಿ ಅಂಗೈ ಮೇಲಕ್ಕೆ ಎತ್ತಿದ್ದು, ಕೈ ತುಂಬ ಬಳೆ, ಕೆಲವು ಕಡೆ ಬೆರಳ ನಡುವೆ ನಿಂಬೆಹಣ್ಣು ಇದ್ದರೆ ಅದು ಮಾಸ್ತಿಕಲ್ಲು. ಗಂಡನ ಜೊತೆ ಚಿತೆ ಏರಿದ ಹೆಣ್ಣಿನ ಕಲ್ಲು. ಇದನ್ನು ನೋಡುವಾಗ ನನಗೆ ಪ್ರತಿ ಸಲವೂ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಎಷ್ಟೋ ಕಲ್ಲುಗಳಲ್ಲಿ ಅವಳ ಹೆಸರೂ ಇಲ್ಲ. ಆದರೆ ನೋಡದೆ ಬಿಡಬಾರದು. ಆ ಬಳೆಗಳನ್ನು, ಪಕ್ಕದಲ್ಲಿ ಸಣ್ಣದಾಗಿ ಕೂರಿಸಿದ ಗಂಡ ಹೆಂಡತಿಯ ಮೂರ್ತಿಗಳನ್ನು ಸರಿಯಾಗಿ ಬರೆದುಕೊಳ್ಳಿ.

ಜಗಳದ ಗುರುತೇ ಇಲ್ಲದೆ, ಒಬ್ಬರು ಶಾಂತವಾಗಿ ಕೂತಿದ್ದು, ಎದುರಿಗೆ ಗುರು, ನಡುವೆ ಪುಸ್ತಕ ಇಡುವ ಪೀಠ, ಮೇಲೆ ಜಿನಮೂರ್ತಿ ಕಂಡರೆ ಅದು ನಿಷಿಧಿ ಕಲ್ಲು. ಸಲ್ಲೇಖನ ತೆಗೆದುಕೊಂಡು, ಅಂದರೆ ಊಟ ಬಿಡುತ್ತಾ ಬಂದು ದೇಹ ಬಿಟ್ಟ ಜೈನರ ನೆನಪಿನ ಕಲ್ಲು. ಗೇರುಸೊಪ್ಪೆ, ಹಾಡುವಳ್ಳಿ, ಸೋಂದಾ ಎಲ್ಲವೂ ಜೈನರು ಬಾಳಿದ ಜಾಗಗಳು. ಆ ಕಡೆ ಓಡಾಡುವವರಿಗೆ ಈ ಪದ ಬೇಕೇ ಬೇಕು.

ಇನ್ನೊಂದು ಜಾತಿ ಗಡಿಕಲ್ಲುಗಳದ್ದು. ಚಿಕ್ಕ ಕಲ್ಲು, ಅದರ ಮೇಲೆ ಒಂದೇ ಒಂದು ಗುರುತು. ಬರಹ ಇಲ್ಲ ಅಂತ ಜನ ದಾಟಿ ಹೋಗುತ್ತಾರೆ. ಬರೀ ಲಿಂಗ ಇದ್ದರೆ ಲಿಂಗಮುದ್ರೆ ಕಲ್ಲು, ಶಿವನ ಗುಡಿಗೆ ಬಿಟ್ಟ ಭೂಮಿ. ಕೊಡೆ, ಕಮಂಡಲ ಹಿಡಿದ ಕುಳ್ಳ ಹುಡುಗ ಇದ್ದರೆ ವಾಮನಮುದ್ರೆ, ಬ್ರಾಹ್ಮಣರಿಗೆ ಕೊಟ್ಟ ಭೂಮಿ. ಒಂದರ ಮೇಲೊಂದು ಮೂರು ಕೊಡೆ ಇದ್ದರೆ ಮುಕ್ಕೊಡೆ ಕಲ್ಲು, ಬಸದಿಯ ಭೂಮಿ. ಓದು ಬರಹ ಬರದವನಿಗೂ ಗಡಿ ತಿಳಿಯಬೇಕಿತ್ತು, ಅದಕ್ಕೇ ಈ ಗುರುತು. ಇಂಥ ಕಲ್ಲು ಎಲ್ಲಿ ನಿಂತಿದೆ ಅನ್ನುವುದೇ ಅದರ ಅರ್ಧ ಮಾತು. ಎತ್ತಿ ತಂದು ದೇವಸ್ಥಾನದ ಅಂಗಳದಲ್ಲಿ ನಿಲ್ಲಿಸಿದರೆ ಆ ಮಾತು ಹೋಯಿತು. ದಯವಿಟ್ಟು ಅಲ್ಲೇ ಬಿಡಿ.

ಈಗ ಅಕ್ಷರ ಇರುವ ಕಲ್ಲಿಗೆ ಬರೋಣ. ಮಳೆಗಾಲದಲ್ಲಿ ಹೋದರೆ ಪ್ರಯೋಜನ ಇಲ್ಲ, ಹಾವಸೆ ಹಿಡಿದು ಏನೂ ಕಾಣುವುದಿಲ್ಲ, ಜೊತೆಗೆ ಉಂಬಳ. ಡಿಸೆಂಬರ್ ಆದ ಮೇಲೆ ಹೋಗಿ. ನಡುಮಧ್ಯಾಹ್ನದ ನೇರ ಬಿಸಿಲಿನಲ್ಲಿ ಕೆತ್ತನೆ ಮಾಯವಾಗುತ್ತದೆ. ಬೆಳಗ್ಗೆ ಅಥವಾ ಸಂಜೆ ಓರೆ ಬಿಸಿಲು ಬೀಳುವಾಗ ಗೆರೆಯೊಳಗೆ ನೆರಳು ನಿಂತು ಅಕ್ಷರ ಎದ್ದು ಬರುತ್ತದೆ. ಕತ್ತಲಾದ ಮೇಲೆ ಟಾರ್ಚನ್ನು ಕಲ್ಲಿನ ಪಕ್ಕದಿಂದ, ಮೈಗೆ ತಾಗುವ ಹಾಗೆ ಹಿಡಿದರೂ ಸರಿ. ಬೇರೆ ಬೇರೆ ಬದಿಯಿಂದ ಬೆಳಕು ಬಿಟ್ಟು ಫೋಟೋ ತೆಗೆಯಿರಿ. ಸುಣ್ಣ, ಚಾಕ್‌ಪೀಸು, ಅಕ್ಕಿ ಹಿಟ್ಟು ತುಂಬುವುದು, ತಂತಿ ಬ್ರಶ್ಶು ಹಾಕಿ ತಿಕ್ಕುವುದು, ಆಸಿಡ್ ಹಾಕುವುದು ಯಾವುದೂ ಬೇಡ. ಒಮ್ಮೆ ಸವೆದ ಅಕ್ಷರ ಮತ್ತೆ ಬರುವುದಿಲ್ಲ. ಮೆತ್ತನೆ ಬ್ರಶ್ಶಿನಿಂದ ಧೂಳು ಕೊಡವಿ, ಅದೂ ಆ ಮನೆಯವರನ್ನೋ ಪೂಜೆ ಮಾಡುವವರನ್ನೋ ಕೇಳಿದ ಮೇಲೆ. ತಜ್ಞರು ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಬ್ರಶ್ಶಿನಿಂದ ಬಡಿದು, ಮೇಲೆ ಶಾಯಿ ಒತ್ತಿ ಪ್ರತಿ ತೆಗೆಯುತ್ತಾರೆ. ಅದಕ್ಕೆ ಪಡಿಯಚ್ಚು ಅನ್ನುತ್ತಾರೆ. ಅದನ್ನು ಕಲಿತವರ ಜೊತೆಗೇ ಮಾಡಬೇಕು.

ದಾನಶಾಸನದ ಮೇಲ್ಭಾಗದಲ್ಲಿ ಚಿತ್ರ ಇರುತ್ತದೆ. ನಡುವೆ ಲಿಂಗ ಅಥವಾ ಜಿನ, ಪಕ್ಕದಲ್ಲಿ ಹಸು, ಹಾಲು ಕುಡಿಯುವ ಕರು, ಸೂರ್ಯ, ಚಂದ್ರ, ಕೆಲವೊಮ್ಮೆ ಕತ್ತಿ. ಕೆಳಗೆ ಬರಹ. ಅದು ನಮ್ಮ ಜಮೀನಿನ ಕಾಗದಪತ್ರದ ಹಾಗೇ ಒಂದು ಕ್ರಮದಲ್ಲಿ ಸಾಗುತ್ತದೆ, ಆ ಕ್ರಮ ಗೊತ್ತಿದ್ದರೆ ಅರ್ಧ ಅಳಿಸಿಹೋದ ಕಲ್ಲಿನಲ್ಲೂ ಎಲ್ಲಿ ಏನಿರಬೇಕು ಅಂತ ಊಹಿಸಬಹುದು. ಮೊದಲು ದೇವರ ಸ್ತುತಿ. 'ನಮಸ್ತುಂಗ' ಅಂತ ಶುರುವಾದರೆ ಶಿವನದು, 'ಶ್ರೀಮತ್ಪರಮಗಂಭೀರ' ಅಂತ ಇದ್ದರೆ ಜೈನರದು. ಆಮೇಲೆ 'ಸ್ವಸ್ತಿ' ಅಂತ ಹೇಳಿ ರಾಜನ ಬಿರುದುಗಳು, ಇದಕ್ಕೆ ಪ್ರಶಸ್ತಿ ಅನ್ನುತ್ತಾರೆ. ಓದಿ ತಲೆ ಕೆಡಿಸಿಕೊಳ್ಳಬೇಡಿ, ಹೊಗಳಿಕೆ ಎಲ್ಲ ರಾಜರಿಗೂ ಹೆಚ್ಚುಕಡಿಮೆ ಒಂದೇ ಥರ. ನಂತರ ಕಾಲ, ಯಾರು ಯಾರಿಗೆ ಏನು ಕೊಟ್ಟರು, ನಾಲ್ಕು ದಿಕ್ಕಿನ ಗಡಿ, ಕೊನೆಗೆ ಶಾಪಾಶಯ. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60 ಸಾವಿರ ವರ್ಷ ಹೇಸಿಗೆಯಲ್ಲಿ ಹುಳುವಾಗಿ ಹುಟ್ಟುತ್ತಾನೆ ಅನ್ನುವ 'ಸ್ವದತ್ತಂ ಪರದತ್ತಂ ವಾ' ಶ್ಲೋಕ ತುಂಬ ಕಡೆ ಸಿಗುತ್ತದೆ. ಅದು ಕಂಡರೆ ಶಾಸನದ ಕೊನೆಗೆ ಬಂದಿರಿ ಅಂತ ಅರ್ಥ.

ಊರಿನವರಿಗೆ ನಿಜವಾಗಿ ರುಚಿಸುವುದು ದಾನದ ಭಾಗ, ಯಾಕೆಂದರೆ ಅಲ್ಲಿ ಹಳ್ಳ, ಕೆರೆ, ಗದ್ದೆ, ಪಕ್ಕದ ಊರಿನ ಹೆಸರು ಬರುತ್ತವೆ, ಕೆಲವು ಹೆಸರು ಇವತ್ತಿಗೂ ನಮ್ಮ ಬಾಯಲ್ಲಿವೆ. ಮತ್ತರು, ಕಮ್ಮ ಅಂದರೆ ಭೂಮಿಯ ಅಳತೆ. ಖಂಡುಗ ಧಾನ್ಯದ ಅಳತೆ, ಅಷ್ಟು ಬೀಜ ಹಿಡಿಯುವ ಗದ್ದೆಗೂ ಅದೇ ಹೆಸರು. ಗದ್ಯಾಣ, ವರಾಹ, ಪಣ, ಹಾಗ ಇವೆಲ್ಲ ನಾಣ್ಯ. 'ಸರ್ವಮಾನ್ಯ' ಅಂದರೆ ತೆರಿಗೆ ಇಲ್ಲದ ಭೂಮಿ. 'ಧಾರಾಪೂರ್ವಕಂ' ಅಂದರೆ ನೀರು ಎರೆದು ಕೊಟ್ಟದ್ದು. 'ಬನವಾಸಿ ಪನ್ನಿರ್ಚ್ಛಾಸಿರ' ಅಂತ ಕಂಡರೆ ಅದು ಬನವಾಸಿ 12000, ಒಂದು ದೊಡ್ಡ ನಾಡಿನ ಹೆಸರು.

ಕಾಲ ಲೆಕ್ಕ ಹಾಕುವುದು ಕಷ್ಟ ಅಂತ ಹೆದರಬೇಡಿ. ಶಾಸನದಲ್ಲಿ ಇರುವುದು ಹೆಚ್ಚಾಗಿ ಶಕವರ್ಷ. ಅದಕ್ಕೆ 78 ಕೂಡಿಸಿ. ಶಕ 1468 ಅಂತ ಇದ್ದರೆ 1546. ಪುಷ್ಯ, ಮಾಘ, ಫಾಲ್ಗುಣ ತಿಂಗಳಾದರೆ ಇಂಗ್ಲಿಷ್ ವರ್ಷ ಬದಲಾಗಿರಬಹುದು, ಆಗ 79. ಪಕ್ಕದಲ್ಲಿ ಸಂವತ್ಸರದ ಹೆಸರೂ ಇರುತ್ತದೆ. ಅದು 60 ವರ್ಷಕ್ಕೊಮ್ಮೆ ತಿರುಗಿ ಬರುವ ಹೆಸರು, ಹಾಗಾಗಿ ನಿಮ್ಮ ಲೆಕ್ಕ ಸರಿಯೋ ಅಂತ ಅದರಿಂದಲೇ ನೋಡಿಕೊಳ್ಳಬಹುದು. 2026ರ ಯುಗಾದಿಯಿಂದ ಪರಾಭವ ಸಂವತ್ಸರ. ಅಲ್ಲಿಂದ 60ರಂತೆ ಎಂಟು ಸುತ್ತು, ಅಂದರೆ 480 ವರ್ಷ ಹಿಂದೆ ಹೋದರೆ 1546. ಕಲ್ಲಿನಲ್ಲೂ ಶಕ 1468 ಪರಾಭವ ಅಂತ ಇದ್ದರೆ ಹೊಂದಿತು. ಒಂದು ವರ್ಷ ಆಚೀಚೆ ಬಂದರೆ ಗಾಬರಿ ಬೇಡ, ಮುಗಿದ ವರ್ಷ ಹಿಡಿದರೋ ನಡೆಯುವ ವರ್ಷ ಹಿಡಿದರೋ ಅನ್ನುವುದರ ಮೇಲೆ ಅದು ಬದಲಾಗುತ್ತದೆ. ಕಾಲವೇ ಅಳಿಸಿಹೋಗಿದ್ದರೆ ಅಕ್ಷರದ ಆಕಾರ ನೋಡಿ ಅಂದಾಜು ಮಾಡುತ್ತಾರೆ. ಈಗಿಲ್ಲದ ೞ, ಱ ಅಕ್ಷರಗಳು, 'ಹಳ್ಳಿ' ಬದಲು 'ಪಳ್ಳಿ' ಇದ್ದರೆ ಸ್ವಲ್ಪ ಹಳೆಯದು ಅನ್ನಬಹುದು. ಆದರೆ ಇದೊಂದನ್ನೇ ನಂಬಿ ವರ್ಷ ಹೇಳಬೇಡಿ, ಆಮೇಲಿನ ಕವಿಗಳೂ ಬೇಕಂತಲೇ ಹಳೇ ರೂಪ ಬಳಸಿದ್ದಾರೆ.

ಶುರು ಮಾಡಲು ಒಂದು ಜಾಗ ಹೇಳಿ ಅಂದರೆ ನಾನು ಬನವಾಸಿ ಅನ್ನುತ್ತೇನೆ. ಶಿರಸಿಯಿಂದ ಸುಮಾರು 22 ಕಿಲೋಮೀಟರ್. ಕದಂಬರ ರಾಜಧಾನಿ ಅಂತ ಎಲ್ಲರಿಗೂ ಗೊತ್ತು, ಆದರೆ ಮಧುಕೇಶ್ವರ ದೇವಸ್ಥಾನದ ಆವರಣದಲ್ಲಿರುವ ಐದು ಹೆಡೆಯ ನಾಗರಕಲ್ಲು ಕದಂಬರಿಗಿಂತ ಹಳೆಯದು, ಚುಟು ಅರಸರ ಕಾಲದ್ದು. ಲಿಪಿ ಬ್ರಾಹ್ಮಿ, ಭಾಷೆ ಪ್ರಾಕೃತ. ಅರಸನ ಮಗಳು ನಾಗ, ಕೆರೆ, ವಿಹಾರ ಮಾಡಿಸಿದಳು ಅಂತ ಅದರಲ್ಲಿದೆ. ಕೆತ್ತಿದವನ ಹೆಸರೂ ಇದೆ, ನಟಕ ಅಂತ. ಲಿಪಿ ಬೇರೆ, ಭಾಷೆ ಬೇರೆ ಅನ್ನುವುದು ಅಲ್ಲಿ ನಿಂತರೆ ತಟ್ಟನೆ ತಿಳಿಯುತ್ತದೆ. ಹತ್ತಿರದ ಗುಡ್ನಾಪುರದಲ್ಲಿ ಕದಂಬ ರವಿವರ್ಮನ ಕಂಬ ಶಾಸನ ಸಿಕ್ಕಿದೆ, ಅದು ಸಂಸ್ಕೃತದಲ್ಲಿದೆ.

ಕರಾವಳಿಯವರು ಭಟ್ಕಳಕ್ಕೆ ಹೋಗಿ. 1546ರ ಖೇತಪೈ ನಾರಾಯಣ ದೇವಸ್ಥಾನದ ಮಾಡು ಕಲ್ಲು ಚಪ್ಪಡಿಯದು, ಆದರೆ ನಮ್ಮ ಮನೆಗಳ ಹಾಗೆ ಇಳಿಜಾರು. ಈ ಮಳೆಗೆ ಇನ್ನೇನು ಮಾಡುತ್ತಾರೆ, ಅಲ್ವಾ? ಗರ್ಭಗುಡಿ, ಅದರ ಮುಂದಿನ ಸಣ್ಣ ಕೋಣೆ ಸುಕನಾಸಿ, ಬಾಗಿಲ ಮೇಲೆ ನಡುವೆ ಕೆತ್ತಿದ ಮೂರ್ತಿ ಲಲಾಟಬಿಂಬ, ಗಾಳಿ ಬೆಳಕಿಗೆ ಬಿಟ್ಟ ಕಲ್ಲಿನ ಜಾಲರಿ ಜಾಲಂಧ್ರ, ಈ ನಾಲ್ಕು ಪದ ಗೊತ್ತಿದ್ದರೆ ಸದ್ಯಕ್ಕೆ ಸಾಕು. ಗೇರುಸೊಪ್ಪೆಯ ಚತುರ್ಮುಖ ಬಸದಿಗೆ ನಾಲ್ಕೂ ದಿಕ್ಕಿಗೆ ಬಾಗಿಲು. ಅಘನಾಶಿನಿ ಪಕ್ಕದ ಮಿರ್ಜಾನ್ ಕೋಟೆ ಚಿರೇಕಲ್ಲಿನದು.

ದಿಬ್ಬದ ಮಾತು ಬೇರೆ. ಹಾಳೂರು, ಹಾಳು ದಿಬ್ಬ ಅನ್ನುವ ಕಡೆ ಮಳೆ ಬಿದ್ದ ಮೇಲೆ ಬೋಕಿ ಚೂರು, ಹಳೇ ಇಟ್ಟಿಗೆ ತುಂಡು ಮೇಲೆ ಬರುತ್ತವೆ. ಮೇಲಿಂದ ಬರೀ ಕಣ್ಣಲ್ಲಿ ಹುಡುಕುವುದು ಅನ್ವೇಷಣೆ. ಅಗೆದು ನೋಡುವುದು ಉತ್ಖನನ, ಅದನ್ನು ಅನುಮತಿ ಇದ್ದ ತಜ್ಞರು ಮಾತ್ರ ಮಾಡಬೇಕು. ಮಣ್ಣು ಪದರ ಪದರವಾಗಿ ಕೂತಿರುತ್ತದೆ, ಒಂದೊಂದು ಪದರವೂ ಒಂದು ಸ್ತರ, ಕೆಳಗಿನದು ಹಳೆಯದು. ಸಿಕ್ಕ ವಸ್ತು ಯಾವ ಸ್ತರದ್ದು ಅನ್ನುವುದು ಹೋದರೆ ಆ ವಸ್ತುವಿನಿಂದ ತಿಳಿಯುವುದು ಬಹಳ ಕಡಿಮೆ. 1947ರಲ್ಲಿ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಪುರಾತತ್ವ ತಜ್ಞ ಮಾರ್ಟಿಮರ್ ವೀಲರ್ ಅಗೆಸಿದಾಗ, ಕಲ್ಲಿನ ಕೊಡಲಿ ಬಳಸಿದವರ ಮೇಲೆ ಬೃಹತ್ ಶಿಲಾಯುಗದವರು (ದೊಡ್ಡ ಕಲ್ಲುಗಳಿಂದ ಸಮಾಧಿ ಕಟ್ಟಿದವರು), ಅವರ ಮೇಲೆ ಇನ್ನೂ ಈಚಿನವರು ಅಂತ ಕ್ರಮ ಸಿಕ್ಕಿದ್ದು ಸ್ತರಗಳಿಂದಲೇ. ಒಳಗೆ ಕಪ್ಪು, ಹೊರಗೆ ಕೆಂಪು ಇರುವ ಮಡಕೆ ಚೂರು ಕಂಡರೆ ಬೃಹತ್ ಶಿಲಾಯುಗದ ನೆನಪಿರಲಿ. ಇನ್ನೊಂದು, ಕಲ್ಲಿಗೆ ಕಾರ್ಬನ್ ಪರೀಕ್ಷೆ ಮಾಡಿಸಿ ಅಂತ ಜನ ಹೇಳುತ್ತಿರುತ್ತಾರೆ. ಅದು ಆಗದು. ಇದ್ದಿಲು, ಮೂಳೆ, ಕಾಳು ಥರದ ಒಮ್ಮೆ ಜೀವ ಇದ್ದ ವಸ್ತುವಿಗೆ ಮಾತ್ರ ಆ ಪರೀಕ್ಷೆ.

ಹೊಸ ಕಲ್ಲು ಕಂಡರೆ ಊರು, ಯಾರ ಜಮೀನು, ಮುಖ ಯಾವ ದಿಕ್ಕಿಗೆ, ಎತ್ತರ ಅಗಲ, ಎಷ್ಟು ಪಟ್ಟಿ, ಎಷ್ಟು ಸಾಲು, ಊರಿನವರು ಅದನ್ನು ಏನಂತ ಕರೆಯುತ್ತಾರೆ, ಇಷ್ಟು ಬರೆದುಕೊಳ್ಳಿ. ಫೋಟೋದಲ್ಲಿ ಪಕ್ಕಕ್ಕೆ ಅಳತೆಪಟ್ಟಿ ಇಡಿ. ಈಗಾಗಲೇ ಓದಿದ ಕಲ್ಲೋ ಅಂತ ನೋಡುವಾಗ ಹಳೇ ಮೈಸೂರಿನ ಶಾಸನ ಸಂಪುಟಗಳಲ್ಲೇ ಹುಡುಕುತ್ತಾ ಕೂರಬೇಡಿ. ನಮ್ಮ ಜಿಲ್ಲೆ 1862ರಿಂದ ಮುಂಬೈ ಪ್ರಾಂತ್ಯದಲ್ಲಿತ್ತು, ಹಾಗಾಗಿ ಮುಂಬೈ ಕರ್ನಾಟಕದ ಸಂಪುಟ ನೋಡಿ, ಧಾರವಾಡದ ಕನ್ನಡ ಸಂಶೋಧನ ಸಂಸ್ಥೆಯ ಪ್ರಕಟಣೆ ನೋಡಿ. ಮಾಹಿತಿ ಕೊಡಲು ರಾಜ್ಯದ ಪುರಾತತ್ವ ಇಲಾಖೆ ಇದೆ, ಕೇಂದ್ರ ಪುರಾತತ್ವ ಇಲಾಖೆಯ ಶಾಸನ ವಿಭಾಗ ಮೈಸೂರಿನಲ್ಲಿದೆ. ನಾಣ್ಯ, ತಾಮ್ರಪಟ (ತಾಮ್ರದ ತಗಡಿನ ಮೇಲೆ ಕೊರೆದ ಶಾಸನ), ಒಡವೆ ನೆಲದೊಳಗಿಂದ ಬಂದರೆ ಮಾತ್ರ ಕಾಯಬೇಡಿ. ಕರ್ನಾಟಕದ 1962ರ ನಿಧಿ ಕಾಯ್ದೆ ಪ್ರಕಾರ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರೆದು ತಿಳಿಸಬೇಕು. ತಾಮ್ರಪಟಗಳನ್ನು ಒಂದು ಬಳೆಗೆ ಪೋಣಿಸಿ ಮುದ್ರೆ ಹಾಕಿರುತ್ತಾರೆ. ಆ ಬಳೆಯನ್ನು ಕತ್ತರಿಸಬೇಡಿ, ಹುಳಿ ಹಾಕಿ ತಿಕ್ಕಬೇಡಿ, ಹತ್ತಿಬಟ್ಟೆಯಲ್ಲಿ ಸುತ್ತಿ ಹಾಗೇ ಒಪ್ಪಿಸಿ, ಸಿಕ್ಕ ಜಾಗವನ್ನು ಇನ್ನಷ್ಟು ಅಗೆಯಲು ಯಾರಿಗೂ ಬಿಡಬೇಡಿ.