ಕಲ್ಲಿನ ರಥ ಬಿಟ್ಟು ಕಿಷ್ಕಿಂಧೆ ತೋರಿಸಿದೆ

‘ಹಂಪಿಗೆ ಕರೆದೊಯ್ದು ಕಲ್ಲಿನ ರಥ ತೋರಿಸದೆ ಬಂದರೆ ಬಾಡಿಗೆ ಯಾರು ಕೊಡುತ್ತಾರೆ ತಮ್ಮಾ?’ ಎಂದು ಗದಗಿನ ನಮ್ಮ ಟೆಂಪೋ ಸ್ಟ್ಯಾಂಡಿನ ಹಿರಿಯರೊಬ್ಬರು ಎಲ್ಲರೆದುರು ನಕ್ಕಿದ್ದರು. ಈಗ ಅವರೇ ಫೋನ್ ಮಾಡಿ ‘ಆ ರಾಮಾಯಣದ ರೂಟ್ ಹೇಗೆ?’ ಎಂದು ಕೇಳುತ್ತಿದ್ದಾರೆ. ಹಂಪಿ, ಆನೆಗೊಂದಿಯ ಸುತ್ತಣ ಸೀಮೆಯನ್ನೇ ರಾಮಾಯಣದ ಕಿಷ್ಕಿಂಧೆ ಎನ್ನುತ್ತಾರಲ್ಲ, ಅಲ್ಲಿಗೆ ನಾನು ನಡೆಸುವ ಪ್ರವಾಸ ಅದು. ಅದಕ್ಕೇ ಬರೆಯುತ್ತಿದ್ದೇನೆ. ಎಲ್ಲವನ್ನೂ ಬರೆಯುವುದಿಲ್ಲ, ಅದು ಬೇರೆ ಮಾತು.

ಗಾಡಿ ನನ್ನದೇ, 17 ಸೀಟಿನದು. ಮೊದಲ ಪ್ರವಾಸ ಹೊರಡಿಸಿದ್ದು ಶ್ರಾವಣ ಶನಿವಾರ. ಹನುಮಂತನ ವಾರ, ಜನ ತಾವಾಗಿಯೇ ಬರುತ್ತಾರೆ ಎಂಬ ಲೆಕ್ಕ. ಬಂದರು, ಇಡೀ ಸೀಮೆಯೇ ಬಂದಿತ್ತು. ಏಳಕ್ಕೆ ಗದಗ ಬಿಟ್ಟವರು ಅಂಜನಾದ್ರಿಯ ಬುಡ ಮುಟ್ಟುವಷ್ಟರಲ್ಲಿ ಹತ್ತೂವರೆ ದಾಟಿತ್ತು. 575 ಮೆಟ್ಟಿಲು, ನೂಕುನುಗ್ಗಲು. ಅರ್ಧದಲ್ಲೇ ಮೂವರು ಹಿರಿಯರು ಕುಳಿತುಬಿಟ್ಟರು. ಆನೆಗೊಂದಿಯಿಂದ ನದಿಯಾಚೆಯ ತಳವಾರಘಟ್ಟಕ್ಕೆ ಜನರನ್ನು ಹರಿಗೋಲಿನಲ್ಲಿ ದಾಟಿಸಿ, ಖಾಲಿ ಗಾಡಿಯನ್ನು ಕಡೆಬಾಗಿಲು ಸೇತುವೆಯ ಮೇಲೆ ಸುತ್ತಿಸಿ ತರುವುದು ನನ್ನ ಯೋಜನೆಯಾಗಿತ್ತು. ಜಲಾಶಯದಿಂದ ನದಿಗೆ ನೀರು ಬಿಟ್ಟಿದ್ದರು. ಹರಿಗೋಲುಗಳೆಲ್ಲ ದಡದಲ್ಲಿ ಬೋರಲು ಬಿದ್ದಿದ್ದವು. ಅರ್ಧ ಹಣ ವಾಪಸ್ ಕೊಟ್ಟೆ. ಒಂಬತ್ತು ಸಾವಿರದಷ್ಟು ಕೈ ಕಚ್ಚಿತು.

ಮುಂದಿನ ಎರಡು ಪ್ರವಾಸ ಕೆಟ್ಟದ್ದು ಬುದ್ಧಿವಂತಿಕೆಯಿಂದ. ಡೀಸೆಲ್ ಉಳಿಸಲು ದಾರಿಯಲ್ಲಿ ಸಿಕ್ಕಿದ್ದನ್ನು ಸಿಕ್ಕಂತೆ ತೋರಿಸಿದೆ. ಬೆಳಗ್ಗೆ ವಾಲಿಯ ಚಿತೆಯ ಬೂದಿ ಎನ್ನುವ ನಿಂಬಾಪುರದ ಬೂದಿದಿಬ್ಬ, ಮಧ್ಯಾಹ್ನ ಆನೆಗೊಂದಿಯ ವಾಲಿ ಕೋಟೆ. ಮುಂದಿನ ಸೀಟಿನ ಅಜ್ಜಿ ಎಲೆಅಡಿಕೆ ಚೀಲದ ದಾರ ಬಿಗಿಯುತ್ತ, ‘ವಾಲಿಯ ದಿನ ಮಾಡಿ ಮುಗಿಸಿದ ಮೇಲೆ ಅವನ ಮನೆಗೆ ಕರೆತಂದೆಯಲ್ಲೋ ತಮ್ಮಾ’ ಎಂದರು. ಗಾಡಿಯೆಲ್ಲ ನಕ್ಕಿತು. ನನಗೆ ಮಾತ್ರ ರಾತ್ರಿ ನಿದ್ದೆ ಬರಲಿಲ್ಲ.

ಅಜ್ಜಿ ಹೇಳಿದ್ದೇ ಸರಿ: ಕಥೆ ನಡೆದ ಕ್ರಮದಲ್ಲೇ ಗಾಡಿ ನಡೆಯಬೇಕು. ಈಗ ಮೂರೂ ಮುಕ್ಕಾಲಿಗೆ ಗದಗ ಬಿಡುತ್ತೇನೆ. ಕೊಪ್ಪಳ ದಾಟಿ ಮುನಿರಾಬಾದ್ ಬಳಿ ಎಡಕ್ಕೆ ಹೊರಳಿ, ಸಾಣಾಪುರದ ಮೇಲೆ ಹೋದರೆ 110 ಕಿಲೋಮೀಟರ್ ಆಸುಪಾಸು. ಬಿಸಿಲೇರುವ ಮೊದಲೇ ಅಂಜನಾದ್ರಿ. ಹನುಮಂತ ಹುಟ್ಟಿದ ಮೇಲೆ ತಾನೇ ಉಳಿದದ್ದು! ತಿರುಮಲದವರು 2021ರಲ್ಲಿ ತಮ್ಮ ಬೆಟ್ಟದಲ್ಲೇ ಹುಟ್ಟಿದ್ದು ಎಂದರಲ್ಲ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ವಾದ ಇಳಿಯುವಾಗ ಇರಲಿ, ಹತ್ತುವಾಗ ಉಸಿರು ಉಳಿಸಿಕೊಳ್ಳಿ ಎನ್ನುತ್ತೇನೆ. ಆಮೇಲೆ ಪಂಪಾ ಸರೋವರ, ಶಬರಿಯ ಗುಹೆ, ವಾಲಿ ಕೋಟೆ.

ಪ್ರವಾಸಕ್ಕೆ ಜೀವ ತುಂಬುವುದು ಆನೆಗೊಂದಿಯ ನದಿದಡದ ಚಿಂತಾಮಣಿಯಲ್ಲಿ. ರಾಮ ವಾಲಿಗೆ ಬಾಣ ಬಿಟ್ಟದ್ದು ಈ ದಡದಿಂದ ಎನ್ನುತ್ತಾರೆ. ಮೊದಲ ಕಾಳಗದಲ್ಲಿ ಅಣ್ಣ ಯಾರು, ತಮ್ಮ ಯಾರು ತಿಳಿಯದೆ ರಾಮ ಬಾಣ ಹೂಡಲಿಲ್ಲ; ಎರಡನೆಯ ಸಲ ಲಕ್ಷ್ಮಣ ಸುಗ್ರೀವನ ಕೊರಳಿಗೆ ಗಜಪುಷ್ಪಿ ಬಳ್ಳಿ ಹಾಕಿದ. ನಾನು ಗದಗಿನಿಂದಲೇ ನಲವತ್ತು ರೂಪಾಯಿಯ ಚೆಂಡು ಹೂವಿನ ಮಾಲೆ ಒಯ್ದಿರುತ್ತೇನೆ. ಒಮ್ಮೆ ನಮ್ಮ ಗಾಡಿಯಲ್ಲಿ ಅವಳಿಗಳಂತಿದ್ದ ಅಣ್ಣತಮ್ಮಂದಿರು, ಇಬ್ಬರದೂ ಬಿಳಿ ಟೋಪಿ. ತಮ್ಮನ ಕೊರಳಿಗೆ ಮಾಲೆ ಹಾಕಿದೆ. ಅಣ್ಣ ಸರಕ್ಕನೆ ಬಂಡೆಯ ಹಿಂದೆ ಸರಿದು, ‘ಮರೆಯಲ್ಲಿ ನಿಂತು ಹೊಡೆದದ್ದು ನ್ಯಾಯವೇ?’ ಎಂದು ಕೂಗಿದರು. ಹೆಂಗಸರು ವಾಲಿಯ ಪಕ್ಷ, ಗಂಡಸರು ರಾಮನ ಪಕ್ಷ. ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿಯ ಬುತ್ತಿ ಮುಗಿದರೂ ತೀರ್ಪು ಬರಲಿಲ್ಲ. ಕಲ್ಲಿನ ರಥವನ್ನು ಯಾರೂ ಕೇಳಲಿಲ್ಲ.

ಒಂದು ತೊಡಕು ಉಂಟು. ಸೀತೆ ಒಡವೆ ಗಂಟು ಎಸೆದ ಗುರುತಾದ ಸೀತೆಯ ಸೆರಗು ನದಿಯಾಚೆ ಇದೆ. ಕಥೆಯಲ್ಲಿ ಅದು ವಾಲಿವಧೆಗಿಂತ ಮೊದಲು ಬರಬೇಕು. ನಾನು ಅದನ್ನು ಹೇಗೆ ಸರಿದೂಗಿಸಿದೆ ಎಂಬುದು ನನ್ನಲ್ಲೇ ಇರಲಿ.

ನಿಂಬಾಪುರದ ದಿಬ್ಬವನ್ನು ವಾಲಿಯ ಚಿತೆಯ ಬೂದಿ ಎಂದಷ್ಟೇ ಹೇಳುತ್ತಿದ್ದೆ. ನಿವೃತ್ತ ಮಾಸ್ತರೊಬ್ಬರು, ನಮ್ಮ ಕಡೆಯ ಬೂದಿದಿಬ್ಬಗಳು ನವಶಿಲಾಯುಗದ ದನಗಾಹಿಗಳು ಸುಟ್ಟ ಸಗಣಿಯವು ಎಂದು ಎಲ್ಲರ ಮುಂದೆ ತಿದ್ದಿದರು. ಈಗ ಎರಡನ್ನೂ ಹೇಳುತ್ತೇನೆ. ಯಾರೂ ಹಣ ವಾಪಸ್ ಕೇಳಿಲ್ಲ.

ನಡುವೆ ಮಹಾಭಾರತಕ್ಕೂ ಕೈ ಹಾಕಿದ್ದೆ. ಹಾನಗಲ್ಲನ್ನು ವಿರಾಟನಗರ ಎನ್ನುತ್ತಾರೆ. ವಿರಾಟಪರ್ವ ಓದಿಸಿದರೆ ಮಳೆ ಬರುತ್ತದೆಂಬ ನಂಬಿಕೆಯೂ ಇದೆ. ಮಳೆ ಕೈಕೊಟ್ಟ ಒಂದು ಆಷಾಢದಲ್ಲಿ ಗದಗಿನ ವೀರನಾರಾಯಣ ಗುಡಿಯಲ್ಲಿ ಕುಮಾರವ್ಯಾಸನ ಕಂಬಕ್ಕೆ ಕೈಮುಗಿದು, ಗಮಕಿಯೊಬ್ಬರನ್ನು ಕೂರಿಸಿಕೊಂಡು ಹಾನಗಲ್ಲಿಗೆ ಹೊರಟೆ. ಆರೇ ಜನ. ತಾರಕೇಶ್ವರನ ಗುಡಿಯ ಕಮಲದ ಛತ್ತು ನೋಡಿ ಬೆರಗಾದರು, ಕೀಚಕನನ್ನು ಕೊಂದ ನೃತ್ಯಶಾಲೆ ಎಲ್ಲಿ ಎಂದು ಕೇಳಿದರು, ನಾನು ತಲೆ ಕೆರೆದುಕೊಂಡೆ. ಮಳೆಯೂ ಬರಲಿಲ್ಲ, ಡೀಸೆಲ್ ಖರ್ಚೂ ಬರಲಿಲ್ಲ.

ಕಿಷ್ಕಿಂಧೆಯದು ಹಾಗಲ್ಲ. ತಲೆಗೆ 1,350 ರೂಪಾಯಿ, ಹದಿನೈದು ಜನ. ಡೀಸೆಲ್ ಇಪ್ಪತ್ತೇಳು ಲೀಟರ್ ಸುಮಾರು. ಊಟ, ಕ್ಲೀನರ್ ಭತ್ಯೆ, ಗಾಡಿಯ ಕಂತು ಕಳೆದು ಆರೇಳು ಸಾವಿರ ಕೈಯಲ್ಲಿ ನಿಲ್ಲುತ್ತದೆ. ಕೊನೆಯ ನಿಲುಗಡೆ ಮಾಲ್ಯವಂತ. ರಾಮಲಕ್ಷ್ಮಣರು ಮಳೆಗಾಲ ಕಳೆದ ಗುಡ್ಡ. ರಘುನಾಥನ ಗುಡಿಯ ಹಿಂದೆ ಬಂಡೆಯ ಬಿರುಕಿನ ಎರಡೂ ಬದಿಗೆ ಸಾಲಾಗಿ ಕೆತ್ತಿದ ಲಿಂಗ, ನಂದಿಗಳಿವೆ. ಅಲ್ಲಿ ಸೂರ್ಯ ಮುಳುಗುವ ತನಕ ನಾನು ಬಾಯಿ ಬಿಡುವುದಿಲ್ಲ, ಹಾರ್ನ್ ಹೊಡೆಯುವುದಿಲ್ಲ.

ಸ್ಟ್ಯಾಂಡಿನ ಹಿರಿಯರಿಗೆ ಇಷ್ಟನ್ನೂ ಹೇಳಿದ್ದೇನೆ. ಬರುವ ಶನಿವಾರ ಅವರ ಗಾಡಿಯೂ ಅಂಜನಾದ್ರಿಗೆ ಹೊರಡುತ್ತದಂತೆ, ತಿಂಡಿ ಮುಗಿಸಿಕೊಂಡು, ಬೆಳಗ್ಗೆ ಎಂಟಕ್ಕೆ.